ಮುಟ್ಟು ನಿಂತರೆ ಮೊದಲು ಮಗಳ ತಟ್ಟೆ ನೋಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ತಾಯಂದಿರು ಮಗಳನ್ನು ಕರೆತಂದು ಕೇಳುವುದು ಒಂದೇ ಮಾತು: "ಹಕೀಮರೇ, ಮೂರು ತಿಂಗಳಾಯಿತು, ಮುಟ್ಟಾಗಿಲ್ಲ. ಮುಟ್ಟು ಬರುವ ಔಷಧಿ ಕೊಡಿ."

ಇವರಲ್ಲಿ ಕೆಲವು ಹುಡುಗಿಯರು ತೆಳ್ಳಗೆ, ಚುರುಕಾಗಿರುತ್ತಾರೆ. ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆ, ಸಂಜೆ ಓಟದ ಅಭ್ಯಾಸ, ರಾತ್ರಿ ಅರ್ಧ ರೊಟ್ಟಿ. "ದಪ್ಪಗಾದರೆ ಸಂಬಂಧ ಕೂಡಿ ಬರುವುದಿಲ್ಲ" ಎಂಬ ಮಾತನ್ನು ಮನೆಯಲ್ಲೇ ಕೇಳಿರುತ್ತಾರೆ.

ಇಂಥವರಿಗೆ ನಾನು ಆ ಔಷಧಿ ಮೊದಲೇ ಕೊಡುವುದಿಲ್ಲ. ಯುನಾನಿ ವೈದ್ಯದಲ್ಲಿ ಇದಕ್ಕೆ ಇಹ್ತಿಬಾಸೆ ತಮ್ಸ್ ಎಂಬ ಹೆಸರಿದೆ, ಔಷಧಿಗಳೂ ಇವೆ. ಆದರೆ ಅದೇ ಯುನಾನಿ ಹೇಳುವ ಆರೋಗ್ಯದ ಆರು ಆಧಾರಗಳಲ್ಲಿ ಆಹಾರವೂ ಇದೆ, ದೇಹದ ದುಡಿಮೆ-ವಿಶ್ರಾಂತಿಯೂ ಇದೆ. ದುಡಿದಷ್ಟು ಉಣ್ಣದಿದ್ದರೆ ದೇಹ ಉಳಿತಾಯಕ್ಕಿಳಿಯುತ್ತದೆ. ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕುಗ್ಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ, ಎಲುಬು ಬಲ ಕಳೆದುಕೊಳ್ಳುತ್ತದೆ. ಎಲುಬು ಗಟ್ಟಿಯಾಗಬೇಕಾದ ವಯಸ್ಸೇ ಅದು. ಆಗ ಆದ ನಷ್ಟ ಮುಂದೆ ಪೂರ್ತಿ ತುಂಬದೇ ಹೋಗಬಹುದು.

1992ರಲ್ಲಿ ಅಮೆರಿಕದ ಕ್ರೀಡಾ ವೈದ್ಯರು ಆಹಾರ, ಮುಟ್ಟು, ಎಲುಬು ಈ ಮೂರರ ನಂಟನ್ನು ಆಟಗಾರ್ತಿಯರಲ್ಲಿ ಗುರುತಿಸಿ ಹೆಸರಿಟ್ಟರು. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಎಚ್ಚರಿಸಿತು. ಕುಸ್ತಿ, ಸೈಕ್ಲಿಂಗ್‌ನಂತಹ ತೂಕ ಕಾಯುವ ಆಟಗಳಲ್ಲಿ ಅಪಾಯ ಹೆಚ್ಚು. ಈ ಎರಡೂ ಆಟ ಗದಗಿಗೆ ಹೊಸದಲ್ಲ.

"ಈ ಸಲ ಮಗಳು ರಮಝಾನಿನ ರೋಜಾ ಒಂದೂ ಬಿಡಲಿಲ್ಲ" ಎಂದು ಹಿಗ್ಗುವ ತಾಯಂದಿರೂ ಇದ್ದಾರೆ. ಹೈಝಿನ ದಿನಗಳಲ್ಲಿ ರೋಜಾ ಬಿಟ್ಟು ನಂತರ ಕಝಾ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಆ ದಿನಗಳೇ ಬಾರದಿದ್ದರೆ ಹಿಗ್ಗಬೇಡಿ, ವಿಚಾರಿಸಿ. ತೆಳ್ಳಗಾಗಲೆಂದೇ ನಫಿಲ್ ರೋಜಾ ಹಿಡಿಯುತ್ತಿದ್ದಾಳೆಯೇ ಎಂದೂ ಮೆಲ್ಲಗೆ ಕೇಳಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದವರು ನಮ್ಮ ಪ್ರವಾದಿ(ಸ).

ಮೂರು ತಿಂಗಳು ಮುಟ್ಟಾಗದಿದ್ದರೆ, ಹದಿನೈದು ತುಂಬಿದರೂ ಮೈನೆರೆಯದಿದ್ದರೆ ವೈದ್ಯರಿಗೆ ತೋರಿಸಿ. ಮದುವೆಯಾದವಳಿಗೆ ಮೊದಲು ಗರ್ಭದ ಪರೀಕ್ಷೆ ಆಗಲಿ. ಥೈರಾಯ್ಡ್, ಪಿಸಿಒಎಸ್, ರಕ್ತಹೀನತೆಯ ಪರೀಕ್ಷೆಯೂ ಬೇಕು. ಗದಗಿನ ಜಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ. ಅಂಗಡಿಯಿಂದ ಮಾತ್ರೆ ತಂದು ಮುಟ್ಟು ಬರಿಸಬೇಡಿ. ಮಾತ್ರೆಯಿಂದ ರಕ್ತ ಕಂಡರೂ ಹಸಿದ ದೇಹ ಹಸಿದೇ ಇರುತ್ತದೆ.

ಕಾರಣ ಆಹಾರದ ಕೊರತೆಯೇ ಎಂದು ತಿಳಿದರೆ ಬೆಳಗಿನ ಬಸ್ಸಿಗೆ ಮುಂಚೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹೊಟ್ಟೆಗೆ ಬೀಳಲಿ. ಮಧ್ಯಾಹ್ನ ಹೆಸರು ಅಥವಾ ಮಡಿಕೆ ಕಾಳು, ಮೊಟ್ಟೆ, ಸಂಜೆ ಓಟದ ನಂತರ ಖರ್ಜೂರ, ಹಾಲು ಇರಲಿ. ಓಟ ಸ್ವಲ್ಪ ತಗ್ಗಲಿ. ಮುಟ್ಟು ಮರಳಲು ಕೆಲವು ತಿಂಗಳು ಬೇಕಾಗಬಹುದು. ಊಟಕ್ಕೇ ಹೆದರುವ, ಉಂಡು ವಾಂತಿ ಮಾಡುವ ಹುಡುಗಿಗೆ ಮನೋವೈದ್ಯರ ನೆರವೂ ಬೇಕು.

ತಂದೆಯಂದಿರಿಗೂ ಒಂದು ಮಾತು: ಇಂದು ರಾತ್ರಿ ಮಗಳನ್ನು ಕೊನೆಯ ಪಂಕ್ತಿಗೆ ಬಿಡಬೇಡಿ. ನಿಮ್ಮ ದಸ್ತರಖಾನಿನಲ್ಲೇ ಕೂರಿಸಿಕೊಂಡು ಉಣ್ಣಿರಿ.