ತಲೆನೋವಾ? ಅಜ್ಜಿ ಕೇಳೋ ಪ್ರಶ್ನೆ ಮೊದಲು ಕೇಳ್ಕೊಳ್ಳೋಣ

ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ತಲೆನೋವು ಅಂದ್ರೆ ಸಾಕು, ನಾಲ್ಕು ರೂಮಿನಿಂದ ನಾಲ್ಕು ಮಾತ್ರೆ ಬರುತ್ತೆ. "ರಾತ್ರಿ ನಿದ್ದೆ ಮಾಡಿದ್ಯಾ?", "ಕಾಫಿ ಕುಡೀತೀಯಾ?" ಅಂತೆಲ್ಲಾ ಕೇಳ್ತೀವಿ. ಆದ್ರೆ "ಬೆಳಿಗ್ಗೆ ಮೋಷನ್ ಸರಿಯಾಗಿ ಆಯ್ತಾ?" ಅಂತ ನಮ್ಮಲ್ಲಿ ಯಾರೂ ಕೇಳಲ್ಲ. ಅದನ್ನ ಕೇಳೋದು ಊರಲ್ಲಿರೋ ಅಜ್ಜಿ ಮಾತ್ರ. ಅವರು ಕೇಳಿದ್ರೆ ನಾವು ನಗ್ತೀವಿ.

ನಗಬೇಕಾಗಿಲ್ಲ. ಮಲಬದ್ಧತೆ ಇರುವವರಲ್ಲಿ ಹಲವರಿಗೆ ತಲೆನೋವೂ ಇರುತ್ತದೆ. ಕರುಳಿನಲ್ಲಿ ಉಳಿದ ಮಲದಿಂದ ವಿಷ ರಕ್ತಕ್ಕೆ ಸೇರಿ ತಲೆ ನೋಯುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ ಇದನ್ನು ಪ್ರಶ್ನಿಸಿದರು. ಅವರ ತರ್ಕ ನಮ್ಮಂಥ ಇಂಜಿನಿಯರಿಂಗ್ ಮಂದಿಗೆ ಇಷ್ಟ ಆಗೋ ಥರದ್ದು: ಶೌಚ ಆದ ಕೂಡಲೇ ತಲೆ ಹಗುರಾಗುತ್ತದೆ. ರಕ್ತದಲ್ಲಿ ವಿಷ ಇದ್ದಿದ್ದರೆ ಅಷ್ಟು ಬೇಗ ಇಳಿಯೋಕೆ ಸಾಧ್ಯವೇ? ಹಾಗಾಗಿ ಕಾರಣ ವಿಷವಲ್ಲ, ಹಿಗ್ಗಿದ ಕರುಳಿನಿಂದ ನರಗಳ ಮೂಲಕ ಹೋಗುವ ಸಂಕೇತ ಎಂದರು.

ಎಲ್ಲಾ ತಲೆನೋವಿಗೂ ಹೊಟ್ಟೆಯೇ ಕಾರಣ ಅಂತ ನಾವು ಹೇಳ್ತಿಲ್ಲ. ಎಷ್ಟೋ ಸಲ ಎರಡಕ್ಕೂ ಬೇರು ಒಂದೇ: ನೀರು ಕುಡಿಯದಿರುವುದು, ತಿಂಡಿ ಬಿಡುವುದು, ನಿದ್ದೆಗೆಡುವುದು, ಇಂಟರ್ನಲ್ಸ್ ಟೆನ್ಷನ್. ಕೆಲವು ಸಲ ಸಂಬಂಧ ತಿರುಗಾಮುರುಗಾ ಇರುತ್ತೆ. ಕೋಡೀನ್ ಇರುವ ನೋವಿನ ಮಾತ್ರೆ, ಮೈಗ್ರೇನ್ ತಡೆಯಲು ಕೊಡುವ ಕೆಲವು ಔಷಧಿಗಳು ಮಲಬದ್ಧತೆ ತರುತ್ತವೆ. ನೋವಿನ ಮಾತ್ರೆಯನ್ನು ತಿಂಗಳಲ್ಲಿ ಅರ್ಧ ದಿನ ನುಂಗುತ್ತಿದ್ದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ಮೂಲ ಹುಡುಕದೆ ಮಾತ್ರೆ ನುಂಗೋದು ಅಂದ್ರೆ ಬಗ್ ಬಿಟ್ಟು ಎರರ್ ಮೆಸೇಜ್ ಮಾತ್ರ ಅಳಿಸಿದ ಹಾಗೆ.

ಇಷ್ಟಾಗಿಯೂ ತಪ್ಪೆಲ್ಲಾ ನಮ್ಮದೇ ಅಲ್ಲ. ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಅದೇ ಹೊತ್ತಿಗೆ ನಾವು ಬ್ಯಾಗ್ ಹಾಕ್ಕೊಂಡು ಮೊದಲ ಪೀರಿಯಡ್‌ಗೆ ಓಡ್ತಿರ್ತೀವಿ. ಅಟೆಂಡೆನ್ಸ್ 75% ಬೇಕಲ್ಲ! ಮಧ್ಯದಲ್ಲಿ ಹೋಗೋಣ ಅಂದ್ರೆ ಒಂದು ಟಾಯ್ಲೆಟ್‌ಗೆ ಚಿಲಕ ಇಲ್ಲ, ಇನ್ನೊಂದರಲ್ಲಿ ನೀರಿಲ್ಲ. ಆ ಟಾಯ್ಲೆಟ್‌ಗೆ ಹೆದರಿ ನಮ್ಮ ಹುಡುಗಿಯರಲ್ಲಿ ಎಷ್ಟೋ ಜನ ಸಂಜೆವರೆಗೂ ನೀರೇ ಕುಡಿಯಲ್ಲ. ಹೀಗೆ ದಿನಾ ತಡೆಹಿಡಿದರೆ ಕರುಳು ಕರೆಯುವುದನ್ನೇ ಕಡಿಮೆ ಮಾಡುತ್ತದೆ. ಮಲದಲ್ಲಿರುವ ನೀರನ್ನು ಕರುಳು ಹೀರಿಕೊಳ್ಳುತ್ತಾ ಹೋಗುವುದರಿಂದ ಅದು ಇನ್ನೂ ಗಟ್ಟಿಯಾಗುತ್ತದೆ.

ಆದ್ದರಿಂದ ನಾವು ಕೇಳುವುದು ಎರಡೇ: ತಿಂಡಿಗೂ ಮೊದಲ ಕ್ಲಾಸಿಗೂ ನಡುವೆ ಅರ್ಧ ಗಂಟೆ ಬಿಡುವು, ಪ್ರತಿ ಬ್ಲಾಕಿನಲ್ಲೂ ಚಿಲಕ, ನೀರು, ಡಸ್ಟ್‌ಬಿನ್ ಇರುವ ಟಾಯ್ಲೆಟ್. ಹೊಸ ಲ್ಯಾಬ್‌ಗೆ ಹೋಲಿಸಿದರೆ ಇದರ ಖರ್ಚು ಏನೂ ಅಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೆಸ್ಸಿನ ಅನ್ನದ ಜೊತೆ ಸೊಪ್ಪಿನ ಪಲ್ಯ, ಕಾಳು, ಸಿಕ್ಕಾಗ ರಾಗಿಮುದ್ದೆ, ಒಂದು ಸೀಬೆಹಣ್ಣು ಇರಲಿ. ವಾರಕ್ಕೆ ಮೂರು ಸಲವೂ ಶೌಚ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹಿಂದೆಂದೂ ಇಲ್ಲದಂಥ ತಲೆನೋವು ದಿಢೀರನೆ ಬಂದರೆ ಅಥವಾ ಅದರ ಜೊತೆ ಜ್ವರ, ಕುತ್ತಿಗೆ ಬಿಗಿತ ಇದ್ದರೆ ಡಾಕ್ಟರ್ ಹತ್ರ ಹೋಗಬೇಕು. ಅಲ್ಲಿ ನಾಚಿಕೊಂಡು ಅರ್ಧ ವಿಷಯ ಮುಚ್ಚಿಡಬಾರದು.

ಮುಂದಿನ ಸಲ ರೂಮ್‌ಮೇಟ್ ತಲೆ ಹಿಡ್ಕೊಂಡು ಕೂತರೆ ಮಾತ್ರೆಗಿಂತ ಮೊದಲು ಒಂದು ಬಾಟಲ್ ನೀರು ಕೊಡೋಣ. ಆಮೇಲೆ ಅಜ್ಜಿಯ ಪ್ರಶ್ನೆ ಕೇಳೋಣ, ನಗದೆ.