ಏಳು ಎಂಬ ಅಂಕಿಯ ಸುಳ್ಳು

ಗಾಲ್ಫ್ ಕೋಲಿನ ತಲೆಯ ಅಡಿಯಲ್ಲಿ ಒಂದು ಅಂಕಿಯನ್ನು ಕೊರೆದಿರುತ್ತಾರೆ. ಆ ಅಂಕಿ ಇಂದು ಬಹುಮಟ್ಟಿಗೆ ಸುಳ್ಳು. ತಯಾರಿಸುವವರಿಗೆ ಅದು ಗೊತ್ತು, ಮಾರುವವರಿಗೂ ಗೊತ್ತು. ಕೊಳ್ಳುವವನಿಗೂ ಒಳಗೊಳಗೇ ಗೊತ್ತಿದ್ದು, ಹಿತವಾಗಿರುವುದರಿಂದ ಸುಮ್ಮನಿದ್ದಾನೆಂಬುದು ನನ್ನ ದೂರು.

ನಮ್ಮ ಮೇಷ್ಟ್ರಿಗೂ ಗಾಲ್ಫಿಗೂ ಏನು ಸಂಬಂಧವೆಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸುವರೆಂದು ಬಲ್ಲೆ. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಅದರ ಎತ್ತರದ ಬಲೆಯನ್ನು ಎಷ್ಟೋ ಸಲ ನೋಡಿದ್ದೇನೆ. ಬಲೆಯ ಆಚೆಗಿನದು ನಮ್ಮಂಥವರದಲ್ಲ ಎಂದುಕೊಂಡೇ ವೃತ್ತಿಜೀವನ ಮುಗಿಸಿದೆ. ಕಳೆದ ಚಳಿಗಾಲ ಮಗಳ ಮನೆಯಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಬಳಿ, ನಾಲ್ಕು ತಿಂಗಳು ಇದ್ದೆ. ಅಲ್ಲಿ ಗಾಲ್ಫೆಂಬುದು ನಮ್ಮ ಊರಿನ ಕ್ರಿಕೆಟ್ಟಿನಂತೆ. ಅಂಚೆಯವನೂ ಆಡುತ್ತಾನೆ, ಕೊಳಾಯಿ ರಿಪೇರಿಯವನೂ ಆಡುತ್ತಾನೆ. ಅಳಿಯನಿಗೆ ಅದರ ಹುಚ್ಚು. ಸಂಜೆ ಅವನ ಜೊತೆ ಅಭ್ಯಾಸದ ಮೈದಾನಕ್ಕೆ ಹೋಗಿ, ಬಕೆಟ್ಟಿನ ತುಂಬ ಪಟ್ಟೆ ಬಳಿದ ಚೆಂಡುಗಳನ್ನು ಇಟ್ಟುಕೊಂಡು, ದೀಪದ ಬೆಳಕಿನಲ್ಲಿ ನಾನೂ ಕೋಲು ಬೀಸಲು ಕಲಿತೆ. ಕಲಿತೆ ಎಂಬುದು ಸ್ವಲ್ಪ ದೊಡ್ಡ ಮಾತು.

ಜನವರಿಯಲ್ಲಿ ಮನೆಗೆ ಒಂದು ಉದ್ದನೆಯ ಪೆಟ್ಟಿಗೆ ಬಂತು. ಅಂಗಡಿಗಳ ಮೂಲಕವಲ್ಲದೆ ನೇರವಾಗಿ ಗಿರಾಕಿಗೆ ಮಾರುವ ಒಂದು ಹೊಸ ಕಂಪನಿಯ ಐರನ್ ಕೋಲುಗಳು, ಐದರಿಂದ ಒಂಬತ್ತರವರೆಗೆ ಮತ್ತು ಒಂದು ವೆಜ್, ಒಟ್ಟು ಆರು. ಕಂಪನಿಯ ಹೆಸರನ್ನು ಬರೆಯುವುದಿಲ್ಲ, ಇದು ಜಾಹೀರಾತಲ್ಲ. ಪುಟ್ಟ ತಲೆ, ತೆಳುವಾದ ಮೇಲಂಚು, ಬಣ್ಣವಿಲ್ಲ, ಅಲಂಕಾರವಿಲ್ಲ. ಎರಕ ಹೊಯ್ದದ್ದಲ್ಲ, ಕಾಯಿಸಿ ಬಡಿದು ಮಾಡಿದ್ದು. ಉಕ್ಕಿನ ಸರಳಿನ ತುಂಡನ್ನು ಕೆಂಪಗೆ ಕಾಯಿಸಿ, ಅಚ್ಚಿನ ನಡುವೆ ಇಟ್ಟು, ಭಾರೀ ಸುತ್ತಿಗೆಯಿಂದ ಒತ್ತಿ, ಆಮೇಲೆ ಸಾಣೆ ಹಿಡಿದು ತಲೆಯನ್ನು ರೂಪಿಸುತ್ತಾರೆ. ಉಕ್ಕು ಮೆದುವಾದದ್ದು, ನೂರಕ್ಕೆ 0.2ರಷ್ಟು ಮಾತ್ರ ಇಂಗಾಲವಿರುವಂಥದ್ದು. ಜಪಾನಿನಲ್ಲಿ ಹಿಮೇಜಿ ನಗರದ ಸುತ್ತಮುತ್ತ ಈ ಕಸುಬಿಗೆ ದೊಡ್ಡ ಹೆಸರಿದೆ. ನಮ್ಮ ಊರಿನ ಕಮ್ಮಾರಸಾಲೆಯಲ್ಲಿ ಕುಡುಗೋಲು ತಟ್ಟುವುದನ್ನು ನೋಡುತ್ತ ಬೆಳೆದವನಿಗೆ ಆ ತಲೆಯನ್ನು ಕೈಯಲ್ಲಿ ಹಿಡಿದಾಗ ಹಳೆಯ ಗೆಳೆಯನನ್ನು ಕಂಡಂತಾಯಿತು.

ಅಳಿಯನಿಗೆ ಮಾತ್ರ ಮೊದಲ ಸಂಜೆಯೇ ಮುಖ ಸಪ್ಪಗಾಯಿತು. ಅವನ ಹಳೆಯ ಕೋಲುಗಳು ಹೆಸರಾಂತ ಕಂಪನಿಯವು, ಅಗಲ ತಲೆಯವು, ಎರಕದವು. ಅದರ ಏಳನೆಯ ಕೋಲಿನಲ್ಲಿ ಅವನು 165 ಗಜ ಹೊಡೆಯುತ್ತಿದ್ದ. ಹೊಸ ಏಳರಲ್ಲಿ ಚೆಂಡು 148 ಗಜಕ್ಕೆ ಬಿತ್ತು. ಮತ್ತೆ ಹೊಡೆದ, 150. ಪಕ್ಕದ ಪರದೆಯ ಮೇಲೆ ಮೂಡುವ ಸಂಖ್ಯೆಗಳನ್ನು ನೋಡುತ್ತ, “ಮಾವ, ಇದು ಉಪಯೋಗವಿಲ್ಲ, ಹದಿನೈದು ಗಜ ಕಳೆದುಕೊಂಡೆ, ವಾಪಸು ಕಳಿಸುತ್ತೇನೆ” ಎಂದ.

ಆ ರಾತ್ರಿ ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕವನ್ನು ತೆಗೆದುಕೊಂಡೆ. ಅದರ ನಡುವಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ಬೋಲ್ಟು ತೂಗುಬಿಟ್ಟರೆ ತೂಗುಗುಂಡು ಆಯಿತು. ಒಂಬತ್ತನೆಯ ತರಗತಿಯಲ್ಲಿ ನಿಮ್ಮಿಂದಲೇ ಮಾಡಿಸಿ, ತೆಂಗಿನ ಮರದ ಎತ್ತರ ಅಳೆಸಿದ್ದೆನಲ್ಲ, ಅದೇ ಉಪಕರಣ. ಕೋಲಿನ ದಂಡವನ್ನು ಬಾಗಿಲ ಚೌಕಟ್ಟಿಗೆ ನೆಟ್ಟಗೆ ಹಿಡಿದು, ತಲೆಯ ಮುಖ ಎಷ್ಟು ಹಿಂದಕ್ಕೆ ವಾಲಿದೆಯೆಂದು ಅಳೆದೆ. ಈ ಓರೆಯನ್ನು ಲಾಫ್ಟ್ ಎನ್ನುತ್ತಾರೆ. ಚೆಂಡು ಎಷ್ಟು ಮೇಲೇರುತ್ತದೆ, ಎಷ್ಟು ದೂರ ಹೋಗುತ್ತದೆ ಎಂಬುದನ್ನು ಬಹುಪಾಲು ಅದೇ ನಿರ್ಧರಿಸುತ್ತದೆ. ಹಳೆಯ ಏಳರ ಓರೆ 28 ಡಿಗ್ರಿ, ಹೊಸ ಏಳರದು 34. ಒಂದು ಡಿಗ್ರಿ ಆಚೀಚೆ ಇರಬಹುದೆಂದು ಎರಡೂ ಕಂಪನಿಗಳು ಪ್ರಕಟಿಸಿದ ಪಟ್ಟಿಗಳೊಡನೆ ಹೋಲಿಸಿದೆ; ತಾಳೆಯಾಯಿತು. ಹೊಸ ಸೆಟ್ಟಿನ ಐದನೆಯ ಕೋಲನ್ನು ಅಳೆದರೆ 27. ಅಂದರೆ ಅಳಿಯ ಇಷ್ಟು ವರ್ಷ ಏಳೆಂದು ಬೀಸುತ್ತಿದ್ದುದು ಹೆಚ್ಚುಕಡಿಮೆ ಐದನ್ನು. ಮರುದಿನ ಹೊಸ ಐದನ್ನು ಅವನ ಕೈಗೆ ಕೊಟ್ಟೆ. 164 ಗಜ.

ಅವನು ಕಳೆದುಕೊಂಡದ್ದು ಏನು? ಒಂದು ಗಜವನ್ನೂ ಅಲ್ಲ. ಅಂಕಿಯನ್ನಷ್ಟೆ.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು. ಮೊದಲು ಈ ಕೋಲುಗಳಿಗೆ ಅಂಕಿಗಳೇ ಇರಲಿಲ್ಲ, ಹೆಸರುಗಳಿದ್ದವು: ಕ್ಲೀಕ್, ಮ್ಯಾಶಿ, ನಿಬ್ಲಿಕ್. ಮರದ ದಂಡದ ಕಾಲ ಮುಗಿಯುತ್ತ ಬಂದು, 1929ರಲ್ಲಿ ಸೇಂಟ್ ಆಂಡ್ರೂಸಿನ ಆರ್ ಅಂಡ್ ಎ ಸಂಸ್ಥೆಯೂ ಉಕ್ಕಿನ ದಂಡಕ್ಕೆ ಒಪ್ಪಿಗೆ ಕೊಟ್ಟಿತು. ಒಂದೇ ಮಾದರಿಯ ಸೆಟ್ಟುಗಳನ್ನು ಮಾಡಿ ಅಂಕಿ ಹಾಕುವುದು ಆ ಆಸುಪಾಸಿನ ವರ್ಷಗಳಲ್ಲಿ ರೂಢಿಯಾಯಿತು. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಕೂಡದೆಂದು ಅಮೆರಿಕದ ಸಂಸ್ಥೆ 1938ರಲ್ಲಿ, ಆರ್ ಅಂಡ್ ಎ 1939ರಲ್ಲಿ ನಿಯಮ ಮಾಡಿದವು. ತಲೆಯ ಮೇಲಿನ ಗೀರುಗಳು ಎಷ್ಟು ಆಳವಿರಬೇಕೆಂಬುದಕ್ಕೂ ನಿಯಮವಿದೆ. ಆದರೆ ಏಳು ಎಂದು ಕೊರೆದ ಕೋಲು ಎಷ್ಟು ಡಿಗ್ರಿ ವಾಲಿರಬೇಕೆಂಬುದಕ್ಕೆ ನಿಯಮವಿಲ್ಲ! ಸೇರಿಗೂ ಪಾವಿಗೂ ಮುದ್ರೆ ಒತ್ತಿಸುತ್ತಿದ್ದ ನಮ್ಮ ಸಂತೆಯ ವ್ಯಾಪಾರಿ ಇದನ್ನು ಕೇಳಿದರೆ ನಕ್ಕಾನು. 1970ರ ದಶಕದಲ್ಲಿ ಏಳರ ಓರೆ ಸುಮಾರು 38 ಡಿಗ್ರಿ ಇತ್ತು. 1990ರ ಹೊತ್ತಿಗೆ 35, 36. ಈಗ ಸಾಮಾನ್ಯ ಆಟಗಾರರಿಗೆಂದು ಮಾರುವ ಕೋಲುಗಳಲ್ಲಿ 28ರಿಂದ 30, ಅದಕ್ಕೂ ಕೆಳಗಿಳಿದವರಿದ್ದಾರೆ.

ಎದುರುಪಕ್ಷದ ಮಾತನ್ನೂ ನ್ಯಾಯವಾಗಿ ಹೇಳುತ್ತೇನೆ. ಅಗಲ ತಲೆಯ ಕೋಲು ಮೋಸದಿಂದ ಹುಟ್ಟಿದ್ದಲ್ಲ. ಕಾರ್ಸ್ಟನ್ ಸೋಲ್‌ಹೈಮ್ ಎಂಬ ನಾರ್ವೆ ಮೂಲದವರು ಚಮ್ಮಾರಿಕೆ ಮಾಡಿ, ಎಂಜಿನಿಯರಾಗಿ ದುಡಿದು, 1959ರಲ್ಲಿ ಪಿಂಗ್ ಕಂಪನಿಯನ್ನು ಕಟ್ಟಿದರು. ಅದರ ನೆಲೆ ಇದೇ ಫೀನಿಕ್ಸ್. ತೂಕವನ್ನು ತಲೆಯ ನಡುವಿನಿಂದ ಅಂಚುಗಳಿಗೆ ಸರಿಸಿದರೆ, ಚೆಂಡು ನಡುವಿಗೆ ತಗಲದಿದ್ದರೂ ತಲೆ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆಂದು ಅವರು ಕಂಡುಕೊಂಡರು. ಜಡತ್ವದ ಭ್ರಮಣಾಂಕವೆಂದು ನಾನು ಪಾಠ ಮಾಡಿದ್ದನ್ನು ಅವರು ಉಕ್ಕಿನಲ್ಲಿ ಎರೆದು ತೋರಿಸಿದರು. ಲಕ್ಷಾಂತರ ಸಾಮಾನ್ಯರಿಗೆ ಆಟ ಒಲಿದದ್ದು ಆ ಬುದ್ಧಿಯಿಂದ. ಮುಂದೆ ಮುಖ ತೆಳುವಾಯಿತು, ಗುರುತ್ವಕೇಂದ್ರ ತಳಕ್ಕೆ ಇಳಿಯಿತು, ಚೆಂಡು ತಾನಾಗಿಯೇ ಹೆಚ್ಚು ಎತ್ತರಕ್ಕೆ ಏರತೊಡಗಿತು. ಆದ್ದರಿಂದ ಓರೆಯನ್ನು ಸ್ವಲ್ಪ ತಗ್ಗಿಸಬೇಕಾಯಿತೆಂದು ತಯಾರಕರು ಹೇಳುತ್ತಾರೆ. ಇದು ನಿಜ, ಒಪ್ಪಿದೆ. ಆದರೆ ಓರೆ ತಗ್ಗಿ ಕೋಲು ಐದರಷ್ಟು ದೂರ ಹೊಡೆಯತೊಡಗಿದ ಮೇಲೆ ಅದರ ಮೇಲೆ ಐದೆಂದು ಕೊರೆಯಲು ಅಡ್ಡಿಯೇನು? ಯಾವ ಭೌತವಿಜ್ಞಾನದ ನಿಯಮ ತಡೆಯಿತು? ಅಂಗಡಿಯಲ್ಲಿ ಗಿರಾಕಿ ತನ್ನ ಹಳೆಯ ಏಳನ್ನೂ ಹೊಸ ಏಳನ್ನೂ ಪಕ್ಕಪಕ್ಕದಲ್ಲಿ ಹೊಡೆದು ನೋಡುತ್ತಾನೆ. ಹೊಸದು ಹತ್ತು ಗಜ ಮುಂದೆ ಬೀಳಬೇಕು, ಜೇಬಿಗೆ ಕೈ ಹೋಗಬೇಕು. ಅಡ್ಡಿ ಅಷ್ಟೇ.

“ಅಂಕಿ ಎಂದರೆ ಬರೀ ಹೆಸರು ಮಾವ, ಏಳೆಂದರೂ ಒಂದೇ, ಐದೆಂದರೂ ಒಂದೇ” ಎಂದು ಅಳಿಯ ವಾದಿಸಿದ. ಬರೀ ಹೆಸರಾದರೆ ನೆನ್ನೆ ಸಂಜೆ ನಿನ್ನ ಮುಖ ಯಾಕೆ ಸಪ್ಪಗಾಯಿತೆಂದು ಕೇಳಿದೆ. ಉತ್ತರ ಬರಲಿಲ್ಲ.

ಬರೀ ಹೆಸರಲ್ಲವೆಂಬುದಕ್ಕೆ ಬೇರೆ ಲೆಕ್ಕವೂ ಇದೆ. ಸೆಟ್ಟಿನ ಕೊನೆಯ ಕೋಲು ಪಿಚಿಂಗ್ ವೆಜ್. ಹಿಂದೆ 48 ಡಿಗ್ರಿ ಇರುತ್ತಿತ್ತು. ಅಳಿಯನ ಹಳೆಯ ಸೆಟ್ಟಿನಲ್ಲಿ 43. ಮರಳುಗುಂಡಿಯಿಂದ ಚೆಂಡೆತ್ತುವ ಕೋಲು ಮಾತ್ರ ಇಂದಿಗೂ 56ರ ಸುಮಾರಿನಲ್ಲೇ ನಿಂತಿದೆ. ನಡುವೆ ಹದಿಮೂರು ಡಿಗ್ರಿಗಳ ಕಂದಕ. ಹಸಿರು ಹಾಸಿನ ಹತ್ತಿರ, ನಿಜವಾಗಿ ಆಟ ನಿರ್ಧಾರವಾಗುವ ದೂರದಲ್ಲಿ, ಕೈಗೆ ಕೋಲೇ ಇಲ್ಲ. ಅದನ್ನು ತುಂಬಲು ‘ಗ್ಯಾಪ್ ವೆಜ್’ ಎಂದು ಇನ್ನೊಂದನ್ನು ಬೇರೆ ಬೆಲೆಗೆ ಕೊಳ್ಳಬೇಕು. ಕಂದಕ ತೋಡಿದವರೇ ಸೇತುವೆಯನ್ನೂ ಮಾರುತ್ತಾರೆ. ಚೀಲದಲ್ಲಿ ಹದಿನಾಲ್ಕೇ ಜಾಗವಿರುವುದರಿಂದ ಅದಕ್ಕಾಗಿ ಇನ್ನೊಂದು ಕೋಲು ಹೊರಗೆ ಹೋಗಬೇಕು.

ದೂರವೊಂದೇ ಆಟವಾಗಿದ್ದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗುತ್ತಿರಲಿಲ್ಲ. ಕಂಚಿನ ಪದಕ ಒಂದೇ ಒಂದು ಹೊಡೆತದಿಂದ ತಪ್ಪಿತು. ದೂರ ಹೊಡೆಯುವವರ ಸಾಲಿನಲ್ಲಿ ಆಕೆ ಎಂದೂ ಇದ್ದವರಲ್ಲ. ಹಸಿರು ಹಾಸಿನ ಮೇಲಿನ ಮೃದು ಹೊಡೆತದಲ್ಲಿ ದೊಡ್ಡ ದೊಡ್ಡವರನ್ನು ಹಿಂದಿಕ್ಕಿದರು. ತನ್ನ ಕೋಲು ಎಷ್ಟು ದೂರ ಹೋಗುತ್ತದೆಂದು ನಿಖರವಾಗಿ ಬಲ್ಲವರಿಗೆ ಅದು ಸಾಲುತ್ತದೆ.

ಹೊಸ ಕೋಲುಗಳನ್ನೂ ನಾನು ಹೊಗಳಿಬಿಡುವುದಿಲ್ಲ. ‘ಫೋರ್ಜ್ಡ್’ ಎಂಬ ಪದದ ಸುತ್ತಲೂ ಒಂದು ಪೂಜೆ ನಡೆಯುತ್ತಿದೆ. ಮೆದು ಉಕ್ಕು ಚೆಂಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಣ್ಣೆಯಂತೆ ಭಾಸವಾಗುತ್ತದೆ ಎಂದೆಲ್ಲ ಬರೆಯುತ್ತಾರೆ. ಚೆಂಡು ಮುಖಕ್ಕೆ ಅಂಟಿರುವುದು ಸುಮಾರು ಅರ್ಧ ಮಿಲಿಸೆಕೆಂಡು. ಅಂಗೈಯಿಂದ ಮೆದುಳಿಗೆ ಸುದ್ದಿ ಮುಟ್ಟಲು ಅದರ ಹತ್ತಾರು ಪಟ್ಟು ಕಾಲ ಬೇಕು. ಅಷ್ಟರಲ್ಲಿ ಚೆಂಡು ಒಂದು ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಬೆಣ್ಣೆ ಎನಿಸುವುದರಲ್ಲಿ ಕಿವಿಯ ಪಾಲೇ ದೊಡ್ಡದೆಂದು ನನ್ನ ಅನುಭವ: ಕಿವಿಗೆ ಹತ್ತಿ ತುರುಕಿಕೊಂಡು ಎರಡೂ ಕೋಲುಗಳಿಂದ ಹೊಡೆದು ನೋಡಿದೆ, ಬೆಣ್ಣೆ ಮುಕ್ಕಾಲು ಪಾಲು ಕರಗಿಹೋಯಿತು. (ಪಕ್ಕದಲ್ಲಿ ಆಡುತ್ತಿದ್ದವರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ.) ಎರಕದ ದೇಹಕ್ಕೆ ಬಡಿದು ಮಾಡಿದ ಮುಖವನ್ನು ಬೆಸೆದು ಅದನ್ನೂ ‘ಫೋರ್ಜ್ಡ್’ ಎಂದೇ ಮಾರುವುದುಂಟು. ಪುಟ್ಟ ತಲೆಯೂ ನನ್ನಂಥ ಹೊಸಬನಿಗೆ ಹೇಳಿಸಿದ್ದಲ್ಲ. ಬೆರಳಿನಗಲ ತಪ್ಪಿ ತುದಿಗೆ ತಗುಲಿದರೆ ಚೆಂಡು ಮೂವತ್ತು ಗಜ ಮೊದಲೇ ಬಿತ್ತು, ಬೆರಳುಗಳು ಜುಮ್ಮೆಂದವು. ಆದರೆ ಎಲ್ಲಿ ತಪ್ಪಿದೆನೆಂಬುದು ಪ್ರತಿ ಸಲವೂ ಗೊತ್ತಾಯಿತು. ಹಳೆಯ ಅಗಲ ಕೋಲಿನಲ್ಲಿ ನೂರು ಸಲ ತಪ್ಪಿದರೂ ಅದು ನನಗೆ ತಿಳಿಸಿರಲಿಲ್ಲ.

ಒಂದು ಕೋಲಿನ ಓರೆಗೆ ಈ ಮುದುಕ ಯಾಕೆ ಇಷ್ಟು ಕೂಗಾಡುತ್ತಾನೆಂದು ಕೇಳುವಿರಾದರೆ, ಕಾರಣವಿದೆ. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಹತ್ತನೆಯ ತರಗತಿಯ ವಿಜ್ಞಾನಕ್ಕೆ 20 ಆಂತರಿಕ ಅಂಕಗಳು ನಮ್ಮ ಕೈಯಲ್ಲಿದ್ದವು. ಯಾರಿಗೂ 18ಕ್ಕಿಂತ ಕಡಿಮೆ ಬೇಡವೆಂದು ಮೇಲಿನಿಂದ ಬಾಯಿಮಾತಿನ ಸೂಚನೆ. ಪಕ್ಕದ ಶಾಲೆಯವರು ಕೊಡುತ್ತಾರೆ, ನಮ್ಮ ಮಕ್ಕಳು ಯಾಕೆ ಹಿಂದೆ ಬೀಳಬೇಕೆಂಬ ಸಮಜಾಯಿಷಿ. ಅಂಗಡಿಯ ಲೆಕ್ಕಾಚಾರವೇ. ನಾನು ಪ್ರತಿಭಟಿಸಲಿಲ್ಲ. ಹನ್ನೊಂದು, ಹನ್ನೆರಡಕ್ಕೆ ಯೋಗ್ಯರಾದವರ ಮುಂದೆ 19 ಎಂದು ಬರೆದು ಸಹಿ ಹಾಕಿದೆ. ಎರಡು ವರ್ಷಗಳ ಬಳಿಕ ಅವರಲ್ಲೊಬ್ಬ ಬಸ್ ನಿಲ್ದಾಣದಲ್ಲಿ ಸಿಕ್ಕ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಭೌತಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದ. ಬೈಯಲಿಲ್ಲ, ದೂರಲಿಲ್ಲ. “ನೀವು ಹತ್ತೊಂಬತ್ತು ಕೊಟ್ಟಿದ್ದಿರಲ್ಲ ಸಾರ್, ನನಗೆ ಬರುತ್ತದೆ ಅಂದುಕೊಂಡಿದ್ದೆ” ಎಂದ. ಅವನು ಇದನ್ನು ಓದುತ್ತಿದ್ದರೆ, ಅಂದು ನಾನು ಏನೂ ಹೇಳದೆ ಬಸ್ಸು ಹತ್ತಿದ್ದಕ್ಕೆ ಕ್ಷಮೆ ಕೇಳುತ್ತಿದ್ದೇನೆ.

ಹಾಗಾಗಿ ಅಂಕಿ ಬರೀ ಹೆಸರೆಂದು ಯಾರಾದರೂ ಹೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ತಯಾರಕರು ಬೇಕಾದಷ್ಟು ಜಾಣ್ಮೆ ತೋರಲಿ, ತಲೆಯನ್ನು ಬೇಕಾದಷ್ಟು ಅಗಲ ಮಾಡಲಿ. ಅಂಕಿಯ ಬದಲು ಡಿಗ್ರಿಯನ್ನೇ ಕೊರೆಯಲಿ. ವೆಜ್‌ಗಳ ಮೇಲೆ ಹಾಗೆಯೇ ಕೊರೆಯುತ್ತಾರಲ್ಲ, 52, 56, 60 ಎಂದು! ಅಲ್ಲಿ ಸಾಧ್ಯವಾದದ್ದು ಐರನ್‌ಗಳ ಮೇಲೆ ಯಾಕೆ ಅಸಾಧ್ಯ?

ಪೆಟ್ಟಿಗೆಯನ್ನು ಹಿಂದಿರುಗಿಸುವ ಗಡುವು ಆ ಶನಿವಾರಕ್ಕೆ ಮುಗಿಯುತ್ತಿತ್ತು. ಅಳಿಯ ಕಳಿಸಲಿಲ್ಲ. ನನ್ನ ವಾದಕ್ಕೆ ಸೋತನೋ, ಅಂಚೆ ಕಚೇರಿಗೆ ಹೋಗಲು ಸೋಮಾರಿತನವೋ ತಿಳಿಯದು. ನಾನು ಹೊರಡುವ ಹಿಂದಿನ ಭಾನುವಾರ ಆರೂ ಕೋಲುಗಳ ದಂಡಕ್ಕೆ ಬಿಳಿಯ ಟೇಪು ಸುತ್ತಿ, ನಾನು ಅಳೆದುಕೊಟ್ಟ ಡಿಗ್ರಿಗಳನ್ನು ಕಪ್ಪು ಶಾಯಿಯಲ್ಲಿ ಬರೆದುಕೊಂಡ. ಕೋನಮಾಪಕವನ್ನು ಮೊಮ್ಮಗಳ ಪೆಟ್ಟಿಗೆಗೆ ಹಿಂದಿರುಗಿಸಿದೆ, ಬೋಲ್ಟು ಬಿಚ್ಚಿ.