ಹೊನ್ನಾವರದ ಹದಿಮೂರು ಶಾಲೆಗಳು

"ನಿಮ್ಮವರು ಇಲ್ಲಿಗೆ ಬಂದದ್ದು ಯಾರ ಕಾಲದಲ್ಲಿ? ಟಿಪ್ಪು ಕಾಲದಲ್ಲೋ, ಬಿಜಾಪುರದವರ ಕಾಲದಲ್ಲೋ?" ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಬೇರೆ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ. "ನನ್ನ ದಾದಾ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಬಂದವರು" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು.

ಇಂಥ ಪ್ರಶ್ನೆ ಬಂದಾಗ ನಾವೂ ರಾಜರನ್ನೇ ಹುಡುಕುತ್ತೇವೆ. ಅವರು ಘಜ್ನಿ ಎಂದರೆ ನಾವು ಅಕ್ಬರ್ ಎನ್ನುತ್ತೇವೆ. ಆದರೆ ನಮ್ಮ ಕರಾವಳಿಗೆ ಇಸ್ಲಾಂ ಬಂದದ್ದು ದಂಡಿನ ಜೊತೆಯಲ್ಲ, ಮೆಣಸು ಕೊಳ್ಳಲು ಬಂದವರ ಹಡಗಿನಲ್ಲಿ. ಅರಬ್ಬಿ ವ್ಯಾಪಾರಿಗಳು ಗಾಳಿಯನ್ನು ನಂಬಿದವರು. ಅದು ದಿಕ್ಕು ಬದಲಿಸುವವರೆಗೆ ತಿಂಗಳುಗಟ್ಟಲೆ ಬಂದರಿನಲ್ಲೇ ಇರಬೇಕಿತ್ತು. ಹಾಗೆ ಇದ್ದವರಲ್ಲಿ ಕೆಲವರು ಇಲ್ಲೇ ಮದುವೆಯಾಗಿ ಮನೆ ಮಾಡಿದರು. ಭಟ್ಕಳದ ನವಾಯತರು ತಮ್ಮ ಹಿರಿಯರ ಕಥೆಯನ್ನು ಅಲ್ಲಿಂದಲೇ ಶುರು ಮಾಡುತ್ತಾರೆ. ಅವರ ಮನೆಮಾತು ಕೇಳಿ ನೋಡಿ, ಕೊಂಕಣಿಯೊಳಗೆ ಅರಬ್ಬಿ, ಫಾರ್ಸಿ ಪದಗಳು ಬೆರೆತಿವೆ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಈ ಕರಾವಳಿಗೆ ಬಂದದ್ದು ಸುಮಾರು 1342ರಲ್ಲಿ. ಪೋರ್ಚುಗೀಸರು ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ, ಅಂದರೆ ನೂರೈವತ್ತು ವರ್ಷಗಳ ನಂತರ. ಮಂಗಳೂರಿನಲ್ಲಿ ಅವನಿಗೆ ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಸಿಕ್ಕರು. ಅಲ್ಲಿ ಸುಮಾರು 4,000 ಮುಸ್ಲಿಮರಿದ್ದರು ಎನ್ನುತ್ತಾನೆ. ಎಲ್ಲವೂ ಸಿಹಿಯಾಗಿರಲಿಲ್ಲ. ಅವರಿಗೂ ಊರವರಿಗೂ ಹೊಡೆದಾಟ ಆಗುತ್ತಿತ್ತು. ವ್ಯಾಪಾರಿಗಳು ಬೇಕಲ್ಲ, ಅದಕ್ಕೆ ಅಲ್ಲಿನ ಹಿಂದೂ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಸೌಹಾರ್ದದ ಭಾಷಣಗಳಲ್ಲಿ ಈ ಹೊಡೆದಾಟದ ಮಾತನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಇದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇನ್ನು ಹೊನ್ನಾವರ. ನಮಗೇನೂ ದೂರದ ಊರಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ ಧುಮುಕುವ ಶರಾವತಿ ಸಮುದ್ರ ಸೇರುವುದು ಅಲ್ಲಿಯೇ. ಇಬ್ನ್ ಬತೂತಾ ಬಂದಾಗ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನಿದ್ದ, ಅವನೂ ಒಬ್ಬ ಹಿಂದೂ ದೊರೆಯ ಅಧೀನ. ಜನರಿಗೆ ಸಮುದ್ರ ವ್ಯಾಪಾರವೇ ಬದುಕು. ಹೆಂಗಸರು ಹೊಲಿಗೆಯಿಲ್ಲದ ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ಬಳೆ ಹಾಕುತ್ತಿದ್ದರು. ಅಂದರೆ ಸೀರೆ, ನತ್ತು! ಅವರೆಲ್ಲರಿಗೂ ಕುರ್‌ಆನ್ ಕಂಠಪಾಠವಾಗಿತ್ತು ಎಂದು ಅವನು ಬರೆದಿದ್ದಾನೆ. ಊರಿನಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಆಶ್ಚರ್ಯಪಡುತ್ತಾನೆ. ಅಷ್ಟು ದೇಶ ಸುತ್ತಿದವನ ಮಾತು ಇದು.

ಅವು ಕುರ್‌ಆನ್ ಕಲಿಸುವ ಶಾಲೆಗಳು, ಕಾಲೇಜುಗಳಲ್ಲ, ಸರಿ. ಆದರೂ ಆ ಕಾಲಕ್ಕೆ ಓದು ಎಂದರೆ ಅದೇ ತಾನೆ? ಹುಡುಗಿಯರಿಗೆ ಅದು ಬೇಡ ಎಂದು ಆ ಊರಿನವರು ಅನ್ನಲಿಲ್ಲ.

ನಮ್ಮ ಬೆಂಚಿನಲ್ಲಿ ಪ್ರಥಮ ಪಿಯುಸಿಯಲ್ಲಿ ನಾಲ್ವರಿದ್ದೆವು. ಈಗ ಮೂವರು. ನಾಲ್ಕನೆಯವಳಿಗೆ ನನಗಿಂತ ಹೆಚ್ಚು ಅಂಕ ಬರುತ್ತಿತ್ತು. ಸಂಬಂಧ ಕೂಡಿಬಂತು, ಓದು ಸಾಕು ಎಂದರು. "ನಮ್ಮಲ್ಲಿ ಹೆಣ್ಣುಮಕ್ಕಳನ್ನು ಇದಕ್ಕಿಂತ ಹೆಚ್ಚು ಓದಿಸುವ ಪದ್ಧತಿ ಇಲ್ಲ" ಎಂದರಂತೆ. ನಮ್ಮಲ್ಲಿ ಎಂದರೆ ಎಲ್ಲಿ? ಸುಮಾರು 680 ವರ್ಷಗಳ ಹಿಂದೆ ಇದೇ ಶರಾವತಿಯ ದಡದಲ್ಲಿ ಪದ್ಧತಿ ಬೇರೆಯೇ ಇತ್ತಲ್ಲ. ಹೊರಗಿನವರು ನಮ್ಮ ಇತಿಹಾಸವನ್ನು ತಪ್ಪಾಗಿ ಹೇಳುತ್ತಾರೆಂದು ನಾವು ಸಿಟ್ಟಾಗುತ್ತೇವೆ. ಮನೆಯೊಳಗೆ ಅದನ್ನು ತಪ್ಪಾಗಿ ಹೇಳಿದಾಗ ಸುಮ್ಮನಿರುತ್ತೇವೆ.

ದ್ವಿತೀಯ ಪಿಯುಸಿ ಮುಗಿಯುತ್ತಿದ್ದಂತೆ ಡಿಗ್ರಿ ಅರ್ಜಿಗಳು ಬರುತ್ತವೆ. ಅದಕ್ಕೂ ಮುಂಚೆ ಈ ಸಂಚಿಕೆಯನ್ನು ಮನೆಗೆ ಒಯ್ದು ಹಿರಿಯರಿಗೆ ತೋರಿಸಿ. ನಮ್ಮ ಮನೆಯಲ್ಲಿ ಕನ್ನಡ ಸರಾಗವಾಗಿ ಓದುವವಳು ನಾನೊಬ್ಬಳೇ. ಅಬ್ಬಾ ರಾತ್ರಿ ಊಟಕ್ಕೆ ಕೂತಾಗ ಉರ್ದುವಿನಲ್ಲಿ ಹೇಳುತ್ತೇನೆ.